ನಾಲ್ಕು ಹೊಳೆ, ಎರಡು ದಿನ: ಉತ್ತರ ಕನ್ನಡದ ಹಾಳೂರುಗಳಿಗೆ ಶನಿವಾರ-ಭಾನುವಾರದ ಸುತ್ತು

ಹಳೆಯ ಕೋಟೆ, ಹಾಳುಬಿದ್ದ ಊರು ನೋಡಬೇಕು ಅನ್ನಿಸಿದ ಕೂಡಲೇ ನಮ್ಮ ಕಡೆಯವರು ಹಂಪಿಯ ಬಸ್ ಹತ್ತುತ್ತಾರೆ. ತಪ್ಪೇನಿಲ್ಲ, ಹಂಪಿ ಹಂಪಿಯೇ. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಊಟಕ್ಕೆ ಮನೆ ಸೇರುವಂಥ ಒಂದು ಸುತ್ತು ಜಿಲ್ಲೆಯ ಗಡಿಯೊಳಗೇ ಇದೆ. ಅದನ್ನು ಹೇಗೆ ಮಾಡಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಬಿಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಈ ದಾರಿಯ ಲೆಕ್ಕ ಸುಲಭ. ಹೊಳೆ ಹಿಡಿದು ಹೋಗುವುದು. ಮಿರ್ಜಾನ ಕೋಟೆ ಅಘನಾಶಿನಿಯ ಬದಿಗೆ, ಗೇರುಸೊಪ್ಪೆಯ ಬಸದಿ ಶರಾವತಿಯ ಬದಿಗೆ, ಬನವಾಸಿ ವರದೆಯ ಬದಿಗೆ, ಸೋಂದೆ ಶಾಲ್ಮಲೆಯ ಬದಿಗೆ. ಇದು ಸುಮ್ನೆ ಕೂಡಿಬಂದದ್ದಲ್ಲ. ಘಟ್ಟದ ಕಾಳುಮೆಣಸು ಎತ್ತಿನ ಬೆನ್ನೇರಿ ಇಳಿದು ದೋಣಿ ಸೇರುತ್ತಿತ್ತು. ಹೊರದೇಶದ ಕುದುರೆ ಬಂದರಿನಲ್ಲಿ ಇಳಿದು ಘಟ್ಟ ಹತ್ತುತ್ತಿತ್ತು. ಸುಂಕ ವಸೂಲಿ ಮಾಡಲು ಅನುಕೂಲವಾದ ಕಡೆ ಅರಸರು ಕೂತರು. ಅರಸರು ಕೂತಲ್ಲಿ ಬಸದಿ, ಗುಡಿ, ಕೋಟೆ ಎದ್ದವು. ಪ್ರತಿ ಜಾಗದಲ್ಲೂ ಮೊದಲು ಹೊಳೆ ಎಲ್ಲಿದೆ ಅಂತ ನೋಡಿಕೊಳ್ಳಿ. ಕಲ್ಲು ಯಾಕೆ ಅಲ್ಲೇ ನಿಂತಿದೆ ಅನ್ನುವುದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ದಾರಿ ಹೀಗೆ: ಕಾರವಾರ, ಅಂಕೋಲಾ, ಮಿರ್ಜಾನ, ಕುಮಟಾ, ಹೊನ್ನಾವರ, ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಮಾವಿನಗುಂಡಿ, ಸಿದ್ದಾಪುರ, ಶಿರಸಿ. ಶಿರಸಿಯಲ್ಲಿ ರಾತ್ರಿ. ಮರುದಿನ ಬನವಾಸಿ, ಗುಡ್ನಾಪುರ, ವಾಪಸ್ ಶಿರಸಿ, ಸೋಂದೆ, ಸಹಸ್ರಲಿಂಗ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಹೋದ ದಾರಿಯಲ್ಲೇ ತಿರುಗಿ ಬರುವ ಬೇಸರ ಇಲ್ಲ. ಹುಬ್ಬಳ್ಳಿ ಕಡೆಯಿಂದ ಬರುವವರು ಇದನ್ನೇ ಯಲ್ಲಾಪುರದಿಂದ ಶುರುಮಾಡಿ ಉಲ್ಟಾ ಸುತ್ತಬಹುದು.

ಮೊದಲು ತಿಂಗಳು ಗೊತ್ತುಮಾಡಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಹೊಳೆ ಇಳಿದಿರುತ್ತದೆ, ಬಿಸಿಲು ತಡೆಯುವಷ್ಟಿರುತ್ತದೆ, ಗದ್ದೆಯಲ್ಲಿ ಇನ್ನೂ ಸ್ವಲ್ಪ ಹಸಿರು ಉಳಿದಿರುತ್ತದೆ. ಜನವರಿ-ಫೆಬ್ರವರಿಯಲ್ಲಿ ಹೋದರೆ ಶಿರಸಿ ಕಡೆ ಆಲೆಮನೆಯ ಕಬ್ಬಿನಹಾಲು ಕುಡಿಯಬಹುದು, ಅದಕ್ಕೊಂದೇ ಆ ತಿಂಗಳಿಗೆ ನನ್ನ ವೋಟು.

ಮಳೆಗಾಲದಲ್ಲಿ ಮಿರ್ಜಾನ ಕೋಟೆ ಪೂರ್ತಿ ಹಾವಸೆ ಹೊದ್ದು ಹಸಿರಾಗಿ ಕಾಣುತ್ತದೆ. ಫೋಟೋಕ್ಕಾಗಿ ಜನ ಆಗಲೇ ಮುಗಿಬೀಳುತ್ತಾರೆ. ಕೋಟೆ ಒಂದನ್ನೇ ನೋಡುವುದಾದರೆ ಹೋಗಿ ಬನ್ನಿ. ಇಡೀ ಸುತ್ತು ಮಾತ್ರ ಆಗ ಬೇಡ. ಸಹಸ್ರಲಿಂಗ ನೀರಿನಡಿ ಇರುತ್ತದೆ, ಬಸದಿಯ ಕಾಡುದಾರಿಯಲ್ಲಿ ಉಂಬಳ, ಘಟ್ಟದಲ್ಲಿ ಮಂಜು. ಗುಡ್ಡ ಕುಸಿತವಂತೂ ನಮ್ಮ ಜಿಲ್ಲೆಯಲ್ಲಿ ತಮಾಷೆಯ ಮಾತಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದು ಜೀವಗಳು ಹೋದವು. ಈ ಪ್ರವಾಸದ ಮೊದಲ ತಾಸಿನಲ್ಲೇ ನೀವು ಆ ಜಾಗ ದಾಟುತ್ತೀರಿ. ಕೆಂಪು ಅಲರ್ಟ್ ಇದ್ದ ದಿನ ಮನೆಯಲ್ಲೇ ಇರಿ.

ಇನ್ನೊಂದು ವಿಷಯ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವಾರ ಶಿರಸಿಯಲ್ಲಿ ರೂಮು ಹುಡುಕುವುದು ವ್ಯರ್ಥ. ಜಾತ್ರೆಗೇ ಹೋಗುವುದಾದರೆ ಹೋಗಿ, ಹಳೆಯ ಕಲ್ಲಿಗೆ ಬೇರೆ ವಾರ ಇಟ್ಟುಕೊಳ್ಳಿ. ಸೋಂದೆಯ ಸಹಸ್ರಲಿಂಗಕ್ಕೆ ಮಹಾಶಿವರಾತ್ರಿಯ ದಿನವೂ ಇದೇ ಮಾತು.

ಚೀಲಕ್ಕೆ ಏನು ಹಾಕಬೇಕು

ತಲಾ ಎರಡು ಲೀಟರ್ ನೀರು, ಟೋಪಿ, ಹಿಡಿತ ಇರುವ ಬೂಟು, ಉದ್ದ ಪ್ಯಾಂಟು. ಒಂದು ಜೊತೆ ದಪ್ಪ ಸಾಕ್ಸ್ ಬೇರೆ ಇರಲಿ. ಬನವಾಸಿಯ ದೇವಸ್ಥಾನದ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಬೇಕು, ಹತ್ತು ಗಂಟೆ ಕಳೆದರೆ ಹಾಸುಗಲ್ಲು ಸುಡುತ್ತದೆ. ಮೊಬೈಲಿನ ಬೆಳಕು ಸಾಲುವುದಿಲ್ಲ, ಒಂದು ಒಳ್ಳೆಯ ಟಾರ್ಚ್ ಇಟ್ಟುಕೊಳ್ಳಿ, ಅದರ ಕೆಲಸ ಮುಂದೆ ಹೇಳುತ್ತೇನೆ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಗೇರುಸೊಪ್ಪೆ ಕಾಡಿನಲ್ಲಿ, ಘಟ್ಟದ ತಿರುವುಗಳಲ್ಲಿ ನೆಟ್‌ವರ್ಕ್ ನಂಬಿಕೊಂಡು ಹೋಗಬೇಡಿ. ಚಿಲ್ಲರೆ ನೋಟು ಸ್ವಲ್ಪ ಜಾಸ್ತಿಯೇ ಇರಲಿ.

ಡಿಸೆಂಬರ್‌ನಿಂದ ಮೇ ನಡುವೆ ಹೋಗುವವರು ಮಂಗನ ಕಾಯಿಲೆಯ ಬಗ್ಗೆ ತಿಳಿದಿರಬೇಕು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ ಇದು. ಉಣುಗಿನ ಕಡಿತದಿಂದ ಹರಡುತ್ತದೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ಇದು ಹೊಸದಲ್ಲ. ಹೆದರಿ ಪ್ರವಾಸ ಬಿಡಬೇಕಿಲ್ಲ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕಿದರೆ ಹಚ್ಚಿಕೊಳ್ಳಿ, ದರಕಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಕೂತು ಊಟ ಮಾಡಬೇಡಿ. ರಾತ್ರಿ ಬಟ್ಟೆ ಬಿಸಿನೀರಿಗೆ ಹಾಕಿ, ನೀವೂ ಬಿಸಿನೀರು ಮಿಂದು ಮೈಯೆಲ್ಲ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು, ಇಂಥ ಕಡೆ ಕಾಡಿನಲ್ಲಿ ಓಡಾಡಿದ್ದೆ ಅಂತ.

ಶನಿವಾರ ಬೆಳಿಗ್ಗೆ: ಮಿರ್ಜಾನ

ಕಾರವಾರದಿಂದ ಆರೂವರೆಗೆ ಹೊರಟರೆ ಎಂಟರ ಹೊತ್ತಿಗೆ ಮಿರ್ಜಾನ. ಕೋಟೆ ಹೆದ್ದಾರಿಯಿಂದ ಒಂದು ಕೂಗಳತೆ. ಬಸ್ಸಿನಿಂದ ದಿನಾ ಓಡಾಡುವವರೂ ಎಷ್ಟೋ ಜನ ಒಳಗೆ ಕಾಲಿಟ್ಟಿಲ್ಲ, ಆಶ್ಚರ್ಯ ಅಲ್ವಾ? ಬೆಳಿಗ್ಗೆಯೇ ಹೋಗಿ. ಒಳಗೆ ನೆರಳು ಕಡಿಮೆ.

ಕೋಟೆ ಪೂರ್ತಿ ಕೆಂಪುಕಲ್ಲಿನದು. ನಮ್ಮ ಮನೆ ಗೋಡೆಗೆ, ಪಾಗಾರಕ್ಕೆ, ಬಾವಿಗೆ ಹಾಕುವ ಅದೇ ಚಿರೆಕಲ್ಲು. ನೆಲದೊಳಗೆ ಹಸಿಯಾಗಿ ಇರುವಾಗ ಕೊಡಲಿಯಲ್ಲಿ ಕಡಿಯಬಹುದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಗೋಡೆಯ ಹತ್ತಿರ ನಿಂತು ನೋಡಿ. ಕಲ್ಲಿನ ತುಂಬ ತೂತು. ಮಳೆನೀರು ಅಲ್ಲಿ ನಿಂತು ಹಾವಸೆ ಹಿಡಿಯುತ್ತದೆ, ಜರಿಗಿಡ ಬೇರು ಬಿಡುತ್ತದೆ. ಫೋಟೋದಲ್ಲಿ ಚೆಂದ ಕಾಣುವ ಹಸಿರೇ ಗೋಡೆಯನ್ನು ಬಿಡಿಸುತ್ತಾ ಇರುವುದು. ಕೆಲವು ಕಡೆ ರಿಪೇರಿಯ ಹೊಸ ಕಲ್ಲು ಹಳೆಯದರ ಪಕ್ಕ ಎದ್ದು ಕಾಣುತ್ತದೆ, ಹುಡುಕಿದರೆ ಗೆರೆ ಸಿಗುತ್ತದೆ.

ಎರಡು ಸುತ್ತಿನ ಗೋಡೆ, ಎತ್ತರದ ಕೊತ್ತಳ, ಸುತ್ತ ಕಂದಕ, ನಾಲ್ಕು ಬಾಗಿಲು. ಮೆಟ್ಟಿಲು ಹತ್ತಿ ಒಳಗೆ ಹೋದರೆ ಬಾವಿಗಳು ಸಿಗುತ್ತವೆ. ಕಂದಕದ ಜೊತೆ ಸಂಪರ್ಕ ಇರುವ ಕಾಲುವೆಗಳನ್ನು ನೋಡಲು ಮರೆಯಬೇಡಿ. ಕಟ್ಟಿದ್ದು ಯಾರು ಅನ್ನುವ ಬಗ್ಗೆ ಒಂದೇ ಮಾತಿಲ್ಲ. ಊರಲ್ಲಿ ಕೇಳಿದರೆ ಚೆನ್ನಭೈರಾದೇವಿಯ ಕೋಟೆ ಅನ್ನುತ್ತಾರೆ. ಗೇರುಸೊಪ್ಪೆಯಿಂದ 1552ರಿಂದ 1606ರವರೆಗೆ ಆಳಿದ ರಾಣಿ. ಪೋರ್ಚುಗೀಸರು ಅವಳನ್ನು ‘ರೈನಾ ದ ಪಿಮೆಂತಾ’, ಕಾಳುಮೆಣಸಿನ ರಾಣಿ, ಅಂತ ಕರೆಯುತ್ತಿದ್ದರು. ಅವಳ ನಂತರ ಕೋಟೆ ಬಿಜಾಪುರದವರ ಕೈಗೆ, ಆಮೇಲೆ ಬೇರೆಯವರ ಕೈಗೆ ದಾಟುತ್ತಾ ಹೋಯಿತು. ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು 2000-01ರಲ್ಲಿ ಇಲ್ಲಿ ಅಗೆದಾಗ ತೋಪಿನ ಗುಂಡು, ಚೀನಾದ ಪಿಂಗಾಣಿ ಚೂರು, 1652ರ ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕಿದವು. ಕುಮಟಾದ ಒಂದು ಹೊಳೆಬದಿಯಲ್ಲಿ ಚೀನಾದ ಪಿಂಗಾಣಿ! ಕೊತ್ತಳದ ಮೇಲೆ ನಿಂತು ಅಘನಾಶಿನಿ ಸಮುದ್ರಕ್ಕೆ ಹೋಗುವ ದಿಕ್ಕು ಗುರುತಿಸಿ, ಅದು ಹೇಗೆ ಬಂತು ಅಂತ ಹೇಳಿಕೊಡಬೇಕಾಗಿಲ್ಲ.

ಒಂದೂವರೆ ತಾಸು ಸಾಕು. ಗೋಡೆಯ ಮೇಲೆ ಕೈಹಿಡಿ ಇಲ್ಲ, ಮಕ್ಕಳ ಕೈ ಬಿಡಬೇಡಿ. ಸೆಲ್ಫಿಗೆ ಅಂಚಿಗೆ ಹೋಗುವ ದೊಡ್ಡವರ ಕೈಯನ್ನೂ. ಅಲ್ಲಿಂದ ಕುಮಟಾಕ್ಕೆ ಹನ್ನೊಂದು ಕಿಲೋಮೀಟರ್ ಚಿಲ್ಲರೆ. ಬನ್ಸ್ ಭಾಜಿ ತಿನ್ನದೆ ಕುಮಟಾ ದಾಟುವವರಿಗೆ ನಾನು ಏನೂ ಹೇಳಲಾರೆ.

ಶನಿವಾರ ಮಧ್ಯಾಹ್ನ: ಗೇರುಸೊಪ್ಪೆ

ಹೊನ್ನಾವರದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಸಾಗರದ ರಸ್ತೆ ಹಿಡಿಯಿರಿ. ಶರಾವತಿ ಬಲಗಡೆ ಜೊತೆಗೇ ಬರುತ್ತದೆ. ಸುಮಾರು ಮೂವತ್ತು ಕಿಲೋಮೀಟರಿಗೆ ಗೇರುಸೊಪ್ಪೆ. ಬಸದಿ ಇರುವುದು ಈ ದಡದಲ್ಲಲ್ಲ, ಆಚೆ ದಡದ ನಗರಬಸ್ತಿಕೇರಿಯಲ್ಲಿ. ಹೊಳೆ ದಾಟಿ ಕಾಡಿನ ದಾರಿ. ಅನುಮಾನ ಬಂದರೆ ದಾರಿಯಲ್ಲಿ ಸಿಕ್ಕವರನ್ನು ‘ಅಕ್ಕಾ, ಬಸ್ತಿಗೆ ಹೀಗೇ ಹೋಗಬಹುದಾ?’ ಅಂತ ಕೇಳಿ, ಕೈ ತೋರಿಸುತ್ತಾರೆ. ಮೊಬೈಲಿನಲ್ಲಿರುವ ಉದ್ದ ಹೆಸರು ಹೇಳುವುದಕ್ಕಿಂತ ಇದು ಬೇಗ ಆಗುತ್ತದೆ.

ಇಡೀ ಪ್ರವಾಸದಲ್ಲಿ ‘ಹಾಳೂರು’ ಅನ್ನುವ ಮಾತಿಗೆ ಸರಿಯಾಗಿ ಕೂರುವ ಜಾಗ ಇದೊಂದೇ. ಮಿರ್ಜಾನದಲ್ಲಿ ಹೆದ್ದಾರಿಯ ಸದ್ದು ಹತ್ತಿರದಲ್ಲೇ ಇದೆ. ಬನವಾಸಿ ಇನ್ನೂ ಬದುಕಿರುವ ಊರು. ಇಲ್ಲಿ ಮಾತ್ರ ಒಂದು ರಾಜಧಾನಿ ಕಾಡಾಗಿ ಹೋಗಿದೆ. ಚೆನ್ನಭೈರಾದೇವಿ ಇಲ್ಲಿಂದ ಆಳಿದಳು. 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಗೆದ್ದ ಮೇಲೆ ಊರು ಎದ್ದೇಳಲಿಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಈ ದಾರಿಯಲ್ಲಿ ಬಂದಾಗಲೇ ಅರಮನೆ ಬಿದ್ದು ಗಿಡ ಬೆಳೆದಿತ್ತು. ಹದಿನೇಳೇ ವರ್ಷ. ನಮ್ಮ ಮಳೆಗೆ, ನಮ್ಮ ಗಿಡಗಂಟಿಗೆ ಅಷ್ಟು ಸಾಕು. ಒಂದು ಮಳೆಗಾಲ ಬಿಟ್ಟ ಮನೆ ಹೇಗಾಗುತ್ತದೆ ಅಂತ ಇಲ್ಲಿಯವರಿಗೆ ಗೊತ್ತೇ ಇದೆ.

ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ನಡುವಿನ ಗರ್ಭಗುಡಿಯಲ್ಲಿ ನಾಲ್ಕು ಕಡೆಗೂ ಮುಖಮಾಡಿದ ತೀರ್ಥಂಕರರು. ಯಾವ ಬಾಗಿಲಿನಿಂದ ಬಂದರೂ ಎದುರಿಗೇ ದರ್ಶನ. ಇದೇ ಬಗೆಯ ಕಾರ್ಕಳದ ಬಸದಿ, 1586ರದ್ದು, ಎಲ್ಲರಿಗೂ ಗೊತ್ತು. ಇದಕ್ಕೆ ಬರುವವರು ಕಡಿಮೆ. ಒಂದು ಬಾಗಿಲಲ್ಲಿ ಒಳಹೊಕ್ಕು ಸೀದಾ ಹೊರಬಂದರೆ ಅರ್ಧವೂ ನೋಡಿದಂತಾಗುವುದಿಲ್ಲ. ಹೊರಗೆ ಒಂದು ಸುತ್ತು ಹಾಕಿ, ನಾಲ್ಕೂ ಕಡೆಯಿಂದ ಒಳಗೆ ಇಣುಕಿ. ಬೆಳಕು ಒಂದೊಂದು ಕಡೆ ಒಂದೊಂದು ಥರ ಬೀಳುತ್ತದೆ. ಹತ್ತಿರದಲ್ಲೇ ಪಾರ್ಶ್ವನಾಥ, ನೇಮಿನಾಥ ಬಸದಿಗಳು, ಶಾಸನದ ಕಲ್ಲುಗಳು ಇವೆ. ಜ್ವಾಲಾಮಾಲಿನಿಯ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅಲ್ಲಿ ಪ್ರವಾಸಿಯ ಹಾಗಲ್ಲ, ಭಕ್ತರ ಮನೆಗೆ ಬಂದ ನೆಂಟರ ಹಾಗೆ ನಡೆದುಕೊಳ್ಳಿ.

ಇಲ್ಲಿ ಎರಡು ತಾಸು ಇಟ್ಟುಕೊಳ್ಳಿ. ಹೊಳೆಗೆ ಇಳಿಯಬೇಡಿ. ಮೇಲೆ ಶರಾವತಿ ಟೇಲ್‌ರೇಸ್ ಅಣೆಕಟ್ಟು ಇದೆ, ವಿದ್ಯುತ್ ತಯಾರಿಸುವಾಗ ನೀರು ಬಿಟ್ಟರೆ ಕೆಳಗೆ ಗಳಿಗೆಯಲ್ಲಿ ಏರುತ್ತದೆ. ಶಾಂತವಾಗಿ ಕಾಣುತ್ತದೆ ಅಂತ ನಂಬುವ ಹೊಳೆ ಅಲ್ಲ ಇದು. ನಾಲ್ಕು ಗಂಟೆಯೊಳಗೆ ಕಾಡುದಾರಿ ಬಿಟ್ಟು ಹೊರಡಿ.

ಘಟ್ಟ ಹತ್ತಿ ಮಾವಿನಗುಂಡಿಗೆ ಬಂದಾಗ ಗಾಡಿಯಲ್ಲಿ ಯಾರಾದರೂ ಒಬ್ಬರು ‘ಜೋಗ ಇಲ್ಲೇ ಅಲ್ವಾ, ಹೋಗಿಬಿಡೋಣ’ ಅಂದೇ ಅನ್ನುತ್ತಾರೆ. ಬೇಡ ಅನ್ನಿ. ಜೋಗಕ್ಕೆ ಹೋದರೆ ಶಿರಸಿ ಸೇರುವುದು ರಾತ್ರಿಯಾಗುತ್ತದೆ, ಮರುದಿನ ಬನವಾಸಿಯಲ್ಲಿ ಎಲ್ಲರೂ ಆಕಳಿಸುತ್ತಾರೆ. ಯಾಣ, ಗೋಕರ್ಣ, ಮುರ್ಡೇಶ್ವರಗಳಿಗೂ ಇದೇ ಉತ್ತರ. ಎಲ್ಲವನ್ನೂ ಮುಟ್ಟಿ ಬರುವ ಪಟ್ಟಿಗಳು ಮೊಬೈಲಿನಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಜಾಸ್ತಿ ಹೊತ್ತು ಹೋಗುವುದು ಗಾಡಿಯೊಳಗೇ.

ಬೆಳಕು ಉಳಿದಿದ್ದರೆ, ಅದೂ ಉಳಿದಿದ್ದರೆ ಮಾತ್ರ, ಸಿದ್ದಾಪುರದ ಹತ್ತಿರದ ಬಿಳಗಿಗೆ ಹೋಗಿ ರತ್ನತ್ರಯ ಬಸದಿ ನೋಡಬಹುದು. ಬಿಳಗಿ ಅರಸರ ಕಾಲದ್ದು, 16ನೇ ಶತಮಾನದ ಕೊನೆಯದು.

ಶಿರಸಿಯಲ್ಲಿ ರಾತ್ರಿ

ರೂಮು ಮೊದಲೇ ಹೇಳಿಟ್ಟುಕೊಳ್ಳಿ. ಶನಿವಾರ ಮದುವೆ ಸೀಸನ್ನಿನಲ್ಲಿ ಪೇಟೆಯ ಲಾಡ್ಜುಗಳು ತುಂಬಿರುತ್ತವೆ. ಹಳ್ಳಿಗಳಲ್ಲಿ ಹೋಮ್‌ಸ್ಟೇ ಬೇಕಾದಷ್ಟಿವೆ, ಆದರೆ ಕತ್ತಲಲ್ಲಿ ತೋಟದ ದಾರಿ ಹುಡುಕುತ್ತಾ ಕೂರಬೇಕಾಗುತ್ತದೆ. ಒಂದೇ ರಾತ್ರಿಗೆ ಪೇಟೆಯೇ ವಾಸಿ. ಊಟಕ್ಕೆ ತಂಬುಳಿ, ಅಪ್ಪೆಹುಳಿ ಸಿಗುವ ಕಡೆ ಹೋಗಿ. ಹಳೆಯ ಕಲ್ಲು ನೋಡಲು ಬಂದು ಗೋಬಿ ಮಂಚೂರಿ ತಿನ್ನುವುದು ಯಾಕೆ?

ಏಳು ಗಂಟೆಯೊಳಗೆ ತಲುಪಿದರೆ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಿ ಬನ್ನಿ. ದೇವರಿಗೆ ಕೈಮುಗಿದ ಮೇಲೆ ಗೋಡೆಗಳ ಕಾವಿ ಚಿತ್ರ ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಒಣಗುವ ಮೊದಲು ಕೆರೆದು, ಕೆಳಗಿನ ಬಿಳಿ ಎದ್ದು ಕಾಣುವಂತೆ ಮಾಡುವ ಕೆಲಸ. ಬೆಳಿಗ್ಗೆ ಮಿರ್ಜಾನದಲ್ಲಿ ಗೋಡೆಯಾಗಿ ಕಂಡ ಕೆಂಪು ಇಲ್ಲಿ ಬಣ್ಣವಾಗಿದೆ.

ಭಾನುವಾರ ಬೆಳಿಗ್ಗೆ: ಬನವಾಸಿ

ಶಿರಸಿಯಿಂದ ಇಪ್ಪತ್ತಮೂರು-ಇಪ್ಪತ್ತನಾಲ್ಕು ಕಿಲೋಮೀಟರ್. ಏಳಕ್ಕೆ ಹೊರಡಿ. ಇಲ್ಲಿ ಅರ್ಧ ದಿನ ಕೊಟ್ಟರೂ ಹೆಚ್ಚಲ್ಲ.

ಕದಂಬರ ರಾಜಧಾನಿ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. 4ನೇ ಶತಮಾನದ ನಡುವೆ ಮಯೂರಶರ್ಮ ಇಲ್ಲಿ ಆಳಿದ. ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಪುಸ್ತಕ ಬಿಟ್ಟು ಕತ್ತಿ ಹಿಡಿದ ಕಥೆ ನಮಗೆ ಗೊತ್ತಾದದ್ದು ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನದಿಂದ. ಮೂರನೇ ದಿನ ರಜೆ ಸಿಕ್ಕಿದರೆ ಅಲ್ಲಿಗೂ ಹೋಗಿ. ಪಂಪನ ಸಾಲು ಊರ ಬೋರ್ಡಿನಿಂದ ಹಿಡಿದು ಭಾಷಣದವರೆಗೆ ಎಲ್ಲ ಕಡೆ ಇದೆ, ನಾನು ಮತ್ತೆ ಹೇಳುವುದಿಲ್ಲ. ಕದಂಬರಿಗಿಂತ ಹಿಂದೆಯೇ ಇದು ದೊಡ್ಡ ಊರಾಗಿತ್ತು ಅನ್ನುವುದನ್ನು ಮಾತ್ರ ನೆನಪಿಡಿ. ಊರ ಸುತ್ತ ಅಗೆದಾಗ ಶಾತವಾಹನರ ಕಾಲದ ಇಟ್ಟಿಗೆ ಕಟ್ಟಡಗಳು ಸಿಕ್ಕಿವೆ.

ಮಧುಕೇಶ್ವರ ದೇವಸ್ಥಾನದಲ್ಲಿ ನೋಡುವ ಕ್ರಮ ಹೀಗಿರಲಿ. ಒಳಗೆ ಹೋಗುವ ಮೊದಲು ಅಂಗಳ ಒಂದು ಸುತ್ತು. ಅಷ್ಟದಿಕ್ಪಾಲಕರು ತಮ್ಮ ತಮ್ಮ ದಿಕ್ಕಿನಲ್ಲಿ ಕೂತಿದ್ದಾರೆ. ಆಮೇಲೆ ನಾಗರಕಲ್ಲು ಎಲ್ಲಿ ಅಂತ ಕೇಳಿ. ಐದು ಹೆಡೆಯ ನಾಗ. ಜನ ಕೈಮುಗಿದು ಮುಂದೆ ಹೋಗುತ್ತಾರೆ, ನೀವು ಅಂಚು ನೋಡಿ. ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ ಇದೆ. ರಾಜಕುಮಾರಿ ಶಿವಸ್ಕಂದ ನಾಗಶ್ರೀ ಈ ನಾಗನನ್ನು, ಒಂದು ಕೆರೆಯನ್ನು, ಒಂದು ವಿಹಾರವನ್ನು ದಾನ ಮಾಡಿದಳು ಅಂತ. ಜೊತೆಗೆ, ಕಲ್ಲು ಕೆತ್ತಿದವನು ನಟಕ ಅಂತ. ಸಾವಿರದ ಏಳುನೂರು ವರ್ಷಕ್ಕೂ ಹಿಂದಿನ ಮಾತು. ಅವನಿಗಿಂತ ಹಳೆಯ, ಹೆಸರು ಗೊತ್ತಿರುವ ಶಿಲ್ಪಿಗಳು ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟೂ ಸಿಗಲಿಕ್ಕಿಲ್ಲ.

ಟಾರ್ಚ್ ಬೇಕಾಗುವುದು ಇಲ್ಲೇ. ಸವೆದ ಅಕ್ಷರದ ಮೇಲೆ ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು ಓರೆಯಾಗಿ ಬೆಳಕು ಬಿಡಿ. ತಗ್ಗಿನಲ್ಲಿ ನೆರಳು ತುಂಬಿ ಅಕ್ಷರ ಒಂದೊಂದೇ ಏಳುತ್ತದೆ. ಬೆಳಗಿನ ಎಳೆಬಿಸಿಲೂ ಇದೇ ಕೆಲಸ ಮಾಡುತ್ತದೆ, ಬೇಗ ಹೋಗಿ ಅಂದದ್ದು ಅದಕ್ಕೂ ಸೇರಿ. ಸುಣ್ಣದ ಕಡ್ಡಿ, ಅರಿಶಿನ, ಎಣ್ಣೆ, ಹಿಟ್ಟು ಇವ್ಯಾವುದನ್ನೂ ಕಲ್ಲಿಗೆ ತಾಗಿಸಬೇಡಿ.

ಇನ್ನು ನಂದಿ. ದೊಡ್ಡ ಒಂದೇ ಕಲ್ಲಿನದು. ಅದರ ಒಂದು ಕಣ್ಣು ಮಧುಕೇಶ್ವರನನ್ನು, ಇನ್ನೊಂದು ಪಕ್ಕದ ಪಾರ್ವತಿಯನ್ನು ನೋಡುತ್ತದೆ ಅಂತ ಭಟ್ಟರು ತೋರಿಸುತ್ತಾರೆ. ಅವರು ಹೇಳಿದ ಜಾಗದಲ್ಲೇ ನಿಂತು ನೋಡಿ, ಮಕ್ಕಳಿಗೆ ಇದು ತುಂಬ ಇಷ್ಟವಾಗುತ್ತದೆ. ನಂದಿಯ ಸುತ್ತಲಿನ ಕಂಬಗಳು ಕಲ್ಯಾಣ ಚಾಲುಕ್ಯರ ಕಾಲದವು. ಕಡೆದು ನುಣುಪು ಮಾಡಿದ ಕಂಬದಲ್ಲಿ ನಿಮ್ಮ ನೆರಳು ಒಂದು ಕಡೆ ನೆಟ್ಟಗೆ, ಒಂದು ಕಡೆ ತಲೆಕೆಳಗಾಗಿ ಕಾಣುತ್ತದೆ. ಒಳಗಿನ ಗರ್ಭಗುಡಿ ಇನ್ನೂ ಹಳೆಯದು, ಅಲಂಕಾರ ಕಡಿಮೆ. ಒಂದೇ ಛಾವಣಿಯಡಿ ಬೇರೆ ಬೇರೆ ಕಾಲ ಸೇರಿಕೊಂಡಿದೆ. ತ್ರಿಲೋಕ ಮಂಟಪ ಮತ್ತು ಕಲ್ಲಿನ ಮಂಚ ಸೋಂದೆ ಅರಸರ ಕಾಲದ ಕೆಲಸ. ಮಂಚದ ಕಾಲನ್ನು, ಅಂಚಿನ ಹೂಬಳ್ಳಿಯನ್ನು ಹತ್ತಿರದಿಂದ ನೋಡಿ. ಮರಗೆಲಸದವನು ಕಲ್ಲು ಹಿಡಿದ ಹಾಗಿದೆ. ಕೈಯಿಂದ ಮುಟ್ಟುವ ಆಸೆ ಆಗುತ್ತದೆ, ಬೇಡ.

ಅಂಗಳದ ವೀರಗಲ್ಲು ಓದುವುದು ಕಲಿತುಕೊಂಡರೆ ಮುಂದೆ ಯಾವ ಊರಿಗೆ ಹೋದರೂ ಉಪಯೋಗ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ತಳದಲ್ಲಿ ಕಾದಾಟ, ಕೆಲವೊಮ್ಮೆ ದನಗಳ ಚಿತ್ರ ಇದ್ದರೆ ದನ ಬಿಡಿಸಲು ಹೋಗಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆಯೋ ಜಿನನ ಮುಂದೆಯೋ ಕೂತಿರುತ್ತಾನೆ. ಬಳೆ ತೊಟ್ಟ ತೋಳು ಮಾತ್ರ ಎದ್ದು ಕಂಡರೆ ಅದು ಮಾಸ್ತಿಕಲ್ಲು. ತುದಿಯಲ್ಲಿ ಸೂರ್ಯ, ಚಂದ್ರ, ಹಸು-ಕರು ಇದ್ದು ಕೆಳಗೆಲ್ಲ ಅಕ್ಷರ ತುಂಬಿದ್ದರೆ ದಾನಶಾಸನ. ಸೂರ್ಯಚಂದ್ರ ಇರುವವರೆಗೆ ಈ ಭೂಮಿ ಇಂಥವರದು ಅಂತ. ಪಹಣಿಗೂ ತಹಶೀಲ್ದಾರರಿಗೂ ಮುಂಚಿನ ಕಾಗದಪತ್ರ.

ಊರಿನ ಮೂರು ಬದಿಗೂ ವರದೆ ಬಳಸಿಕೊಂಡಿದೆ. ಈ ಸುತ್ತಿನ ಉಳಿದ ಮೂರೂ ಹೊಳೆ ಪಡುವಣಕ್ಕೆ, ನಮ್ಮ ಕಡಲಿಗೆ ಬರುತ್ತವೆ. ವರದೆ ಒಬ್ಬಳೇ ಬೆನ್ನು ತಿರುಗಿಸಿ ಮೂಡಣಕ್ಕೆ, ತುಂಗಭದ್ರೆಗೆ ಹೋಗುತ್ತಾಳೆ. ಕದಂಬರು ಘಟ್ಟದ ಮೇಲೆ ಕೂತು ಎರಡೂ ಕಡೆ ಕೈ ಚಾಚಿದ್ದು ಈ ದಂಡೆಯಲ್ಲಿ ನಿಂತರೆ ಸಲೀಸಾಗಿ ತಿಳಿಯುತ್ತದೆ.

ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಗುಡ್ನಾಪುರಕ್ಕೆ ಹೋಗದೆ ಇರಬೇಡಿ. ದೊಡ್ಡ ಕೆರೆ, ಅದರ ಹತ್ತಿರ ಅಗೆದು ತೆಗೆದ ಇಟ್ಟಿಗೆ ಪಾಯಗಳು, ರವಿವರ್ಮನ ಕಂಬದ ಶಾಸನ ಸಿಕ್ಕ ಜಾಗ. ಸುಮಾರು 1500 ವರ್ಷ ಹಿಂದೆ ಇಲ್ಲಿ ಅವನ ಅರಮನೆ, ನೃತ್ಯಶಾಲೆಗಳು, ಕಾಮನ ಗುಡಿ ಇದ್ದವು ಅಂತ ಆ ಶಾಸನ ಹೇಳುತ್ತದೆ. ವಸಂತೋತ್ಸವದ ಮಾತೂ ಇದೆ. ಕಣ್ಣಿಗೆ ಕಾಣುವುದು ಮೊಣಕಾಲೆತ್ತರದ ಇಟ್ಟಿಗೆ ಸಾಲು. ‘ಇಷ್ಟೇನಾ?’ ಅಂತ ಜೊತೆಗಾರರು ಕೇಳಿದರೆ ಶಾಸನದ ಈ ಮಾತು ಹೇಳಿ, ಕೆರೆಯ ಕಡೆ ಮುಖಮಾಡಿಸಿ. ಪಾಯದ ಮೇಲೆ ಹತ್ತಿ ನಡೆಯಬೇಡಿ, ಹಳೆಯ ಇಟ್ಟಿಗೆ ಹುಡಿಯಾಗುತ್ತದೆ. ವಾಪಸ್ ಬರುವಾಗ ದಾರಿಬದಿಯಲ್ಲಿ ಅನಾನಸ್ ಕಂಡರೆ ತಗೊಳ್ಳಿ, ಬನವಾಸಿ ಸೀಮೆಯ ಅನಾನಸ್ಸಿಗೆ ಹೆಸರಿದೆ.

ಭಾನುವಾರ ಮಧ್ಯಾಹ್ನ: ಸೋಂದೆ, ಆಮೇಲೆ ಮನೆ

ಶಿರಸಿಯಲ್ಲೇ ಊಟ ಮುಗಿಸಿ ಯಲ್ಲಾಪುರದ ರಸ್ತೆ ಹಿಡಿಯಿರಿ. ಸೋಂದೆಯಲ್ಲಿ ವಾದಿರಾಜ ಮಠ, ಜೈನ ಮಠ, ಹತ್ತಿರದಲ್ಲೇ ಸ್ವರ್ಣವಲ್ಲಿ ಮಠ. ಕೋಟೆ ಅಂತ ಉಳಿದದ್ದು ಸ್ವಲ್ಪವೇ. ಅರ್ಧ ತಾಸು ಸಾಕು. 1763ರ ಸುಮಾರಿಗೆ ಹೈದರಾಲಿಯ ಸೈನ್ಯ ಬಂದಾಗ ಇಲ್ಲಿಯ ಅರಸ ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ, ಮನೆತನ ಅಲ್ಲೇ ಉಳಿಯಿತು. ಕಾರವಾರದವರಿಗೆ ಒಂದು ಮಾತು: ಕಾಳಿ ಸೇತುವೆಯ ಪಕ್ಕದ ಗುಡ್ಡಕ್ಕೆ ಸದಾಶಿವಗಡ ಅನ್ನುವ ಹೆಸರು ಬಂದದ್ದು ಇದೇ ಸೋಂದೆಯ ಸದಾಶಿವರಾಯನಿಂದ. ಶಾಲ್ಮಲೆಯ ಬಂಡೆಗಳ ಮೇಲೆ ಸಾವಿರ ಲಿಂಗ ಕೆತ್ತಿಸಿದವನೂ ಅವನೇ ಅನ್ನುತ್ತಾರೆ.

ಸಹಸ್ರಲಿಂಗಕ್ಕೆ ಮೂರೂವರೆಗೆ ತಲುಪಿ. ಬಿಸಿಲು ಇಳಿದಿರುತ್ತದೆ, ಬಂಡೆ ಕಾಲಿಗೆ ತಡೆಯುತ್ತದೆ. ಹೊಳೆಯ ನಡುವಿನ ಬಂಡೆ ಬಂಡೆಗೂ ಲಿಂಗ, ಎದುರಿಗೆ ಪುಟ್ಟ ನಂದಿ. ಕೆಲವು ನೀರಿನ ಏಟಿಗೆ ಸವೆದು ಬರೀ ಗುಬುಟು ಉಳಿದಿವೆ. ತೂಗುಸೇತುವೆಯ ಮೇಲಿಂದ ಒಮ್ಮೆ ಪೂರ್ತಿ ನೋಡಿ, ಆಮೇಲೆ ಕೆಳಗಿಳಿಯಿರಿ. ಕೆತ್ತಿದ ಕಲ್ಲಿನ ಮೇಲೆ ಕಾಲಿಡದೆ ದಾಟುವ ದಾರಿ ಇದ್ದೇ ಇರುತ್ತದೆ, ಹುಡುಕಿ. ಒದ್ದೆ ಬಂಡೆ ಎಣ್ಣೆ ಹಚ್ಚಿದಂತಿರುತ್ತದೆ. ಮಡು ಆಳ ಇದೆ, ಈಜು ಬೇಡ.

ಸಂರಕ್ಷಿತ ಸ್ಮಾರಕದ ಮೇಲೆ ಹೆಸರು ಕೊರೆದರೆ, ಹಾಳುಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಡ್ರೋನ್ ಹಾರಿಸಲು ಮೊದಲೇ ಅನುಮತಿ ಬೇಕು. ಜೊತೆಯಲ್ಲಿ ಕಾಲೇಜು ಹುಡುಗರು ಇದ್ದರೆ ಇದನ್ನು ಗಾಡಿ ಹತ್ತುವಾಗಲೇ ಹೇಳಿಬಿಡಿ.

ಐದಕ್ಕೆ ಹೊರಟರೆ ಅರಬೈಲ್ ಘಟ್ಟ ಇಳಿಯುವಷ್ಟರಲ್ಲಿ ಕತ್ತಲಾಗುತ್ತದೆ. ನಾಲ್ಕೂವರೆಗೇ ಹೊರಡಿ. ಅದಿರು, ಕಂಟೇನರ್ ಲಾರಿಗಳ ಹಿಂದೆ ತಾಳ್ಮೆ ಬೇಕು, ತಿರುವಿನಲ್ಲಿ ಓವರ್‌ಟೇಕ್ ಮಾಡಬೇಡಿ. ಶಾಲ್ಮಲೆಯ ನೀರು ಬೇಡ್ತಿ ಸೇರಿ, ಗಂಗಾವಳಿ ಅನ್ನಿಸಿಕೊಂಡು, ರಾಮನಗುಳಿ, ಸುಂಕಸಾಳದ ಕಡೆ ರಸ್ತೆಯ ಆಸುಪಾಸಿನಲ್ಲೇ ನಿಮ್ಮ ಜೊತೆ ಇಳಿಯುತ್ತದೆ.

ಬಸ್ಸಿನಲ್ಲಿ ಹೋಗುವವರಿಗೆ

ಸಾಧ್ಯ ಇದೆ, ಆದರೆ ಎರಡು ಜಾಗ ಬಿಡಬೇಕು. ಮಿರ್ಜಾನಕ್ಕೆ ಕುಮಟಾ-ಅಂಕೋಲಾ ಬಸ್ಸಿನಲ್ಲಿ ಇಳಿದು ನಡೆದೇ ಹೋಗಬಹುದು. ರೈಲಿನಲ್ಲಿ ಬರುವವರು ಕುಮಟಾದಲ್ಲಿ ಇಳಿಯಲಿ. ಅಲ್ಲಿಂದ ಗೇರುಸೊಪ್ಪೆಯ ಬದಲು ಸೀದಾ ಕುಮಟಾ-ಶಿರಸಿ ಬಸ್ ಹಿಡಿಯಿರಿ. ಆ ದಾರಿಯ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲದ ಕೆಲಸಕ್ಕೆ ಸಂಚಾರ ನಿಲ್ಲಿಸಿದ್ದುಂಟು, ಹಿಂದಿನ ದಿನ ಡಿಪೋದಲ್ಲಿ ವಿಚಾರಿಸಿ. ಶಿರಸಿಯಿಂದ ಬನವಾಸಿಗೆ ಬಸ್ ಬೇಕಾದಷ್ಟು. ಗುಡ್ನಾಪುರಕ್ಕೆ ಬನವಾಸಿಯಲ್ಲಿ ಆಟೋ ಮಾತಾಡಿ, ಹೋಗಿ-ಬರುವ ಬಾಡಿಗೆ, ಅಲ್ಲಿ ಕಾಯುವ ಹೊತ್ತು ಎರಡನ್ನೂ ಮೊದಲೇ ಹೇಳಿಕೊಳ್ಳಿ. ಸೋಂದೆಯ ಕೋಟೆ ಬಿಟ್ಟು ಸಹಸ್ರಲಿಂಗಕ್ಕೆ ಮಾತ್ರ ಶಿರಸಿಯಿಂದ ಆಟೋ ಮಾಡಿ, ತಿರುಗಿ ಶಿರಸಿಗೇ ಬಂದು ಊರಿನ ಬಸ್ ಹತ್ತಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ಕೈಯಲ್ಲಿರಲಿ. ಸಂಜೆ ಘಟ್ಟ ಇಳಿಯುವ ಕೊನೆಯ ಬಸ್ ಎಷ್ಟಕ್ಕೆ ಅಂತ ಬೆಳಿಗ್ಗೆ ಬನವಾಸಿಗೆ ಹೊರಡುವ ಮೊದಲೇ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಕೇಳಿಟ್ಟುಕೊಳ್ಳಿ, ಭಾನುವಾರ ಕೆಲವು ಬಸ್ ಬಿಡುವುದೇ ಇಲ್ಲ.